ಬಂಬಖಾನೆಯಲ್ಲಿ ಪ್ರಸ್ಥಾನ ಇಟ್ಟ ಮಳೆಗಾಲ

ಒದ್ದೆ ಕ್ಯಾನ್‌ವಾಸಿನ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಹೋದ ಆಷಾಢದಲ್ಲಿ ಸಯನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಫ್ಲಾಟಿನವರು ಯಾವುದೋ ಗುಡ್ಡ ಹತ್ತಿ ಬಂದು, ತೋಯ್ದ ಡೇರೆಯನ್ನು ಗ್ಯಾಲರಿಯ ಸರಳಿನ ಮೇಲೆ ಹರವಿದ್ದರು. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಎದ್ದಳು.

"ಇರಲಿ ಬಿಡವಾ, ಹಾಕಬ್ಯಾಡ" ಎಂದೆ.

"ಇದೇನು ಊದಿನಕಡ್ಡಿ ವಾಸನಿ ಏನವ್ವಾ?" ಎಂದು ನಕ್ಕಳು. ನಾನು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೇ ಎಳೆದುಕೊಂಡೆ. ನನಗೆ ಅದು ಊದಿನಕಡ್ಡಿಗಿಂತ ಕಡಿಮೆಯಲ್ಲ. ಬೆಂಕಿ ಆರಿಸಿ ಬಂದ ಮೇಲೆ ಕ್ಯಾನ್‌ವಾಸಿನ ಉದ್ದುದ್ದ ಪೈಪುಗಳನ್ನು ತೊಳೆದು ಎತ್ತರದ ಕಂಬದಿಂದ ಇಳಿಬಿಡುತ್ತಿದ್ದರಲ್ಲ, ಆ ವಾಸನೆ ಇದು. ಮಳೆಗಾಲದಲ್ಲಿ ಆ ಪೈಪುಗಳು ಒಮ್ಮೆಯೂ ಪೂರ್ತಿ ಒಣಗಿದ್ದನ್ನು ನಾನು ಕಾಣೆ. ಪೈಪು ಕಂಬದ ಮೇಲಿದೆ ಅಂದರೆ ಹೋದವರು ತಿರುಗಿ ಬಂದಿದ್ದಾರೆ ಎಂದೇ ಅರ್ಥ. ಹಾಗಾಗಿ ಆ ವಾಸನೆ ಬಂದಾಗಲೆಲ್ಲ ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ.

ಧಾರವಾಡದವರಾದ ನಾವೂ ಇನ್ನೂ ಮುಂಬಯಿ ಪ್ರಾಂತದವರೇ ಆಗಿದ್ದ ಕಾಲ ಅದು. ಆಗಿನ ಮುಂಬಯಿಯಲ್ಲಿ ಫೈರ್ ಸ್ಟೇಷನ್ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಬೆಂಕಿ ಆರಿಸುವ ಕೆಂಪು ಗಾಡಿಗೆ ಬಂಬು, ಅದು ನಿಲ್ಲುವ ಜಾಗಕ್ಕೆ ಬಂಬಖಾನಾ, ಅದರ ಮೇಲೆ ಹೋಗುವವರು ಬಂಬವಾಲೆ. ನನ್ನ ಯಜಮಾನರು ಬಂಬವಾಲೆ. ನಾನು ಬಂಬಖಾನೆಯ ಮೇಲುಮಾಳಿಗೆಯಲ್ಲಿ ಸಂಸಾರ ಹೂಡಿದವಳು.

ಕುರ್ಲಾಕ್ಕೂ ಸಯನ್‌ಗೂ ನಡುವೆ ದೊಡ್ಡ ರಸ್ತೆಯ ಮೇಲೆ ಇತ್ತು ನಮ್ಮ ಬಂಬಖಾನಾ. ಕೆಳಗೆ ಬಂಬುಗಳು, ಮೇಲೆ ಸಾಲಾಗಿ ಒಂದೊಂದು ಕೋಣೆಯ ಮನೆಗಳು. ಒಲೆ, ಟ್ರಂಕು, ಹಾಸಿಗೆ, ದೇವರ ಗೂಡು ಎಲ್ಲ ಒಂದೇ ಕೋಣೆಯೊಳಗೆ. ಆದರೆ ನಳ ಬಾಗಿಲಲ್ಲೇ! ಚಾಳುಗಳಲ್ಲಿ ಒಂದು ಕೊಡ ನೀರಿಗಾಗಿ ನಮ್ಮ ಕಡೆಯ ಹೆಣ್ಣುಮಕ್ಕಳು ಕೂದಲು ಹಿಡಿದು ಜಗಳಾಡುವುದನ್ನು ಕಂಡಿದ್ದೆ. ಬೆಂಕಿ ಆರಿಸುವವರ ಮನೆಯಲ್ಲಿ ನೀರಿಗೆ ಬರವಿಲ್ಲ ನೋಡಪ್ಪಾ ಎಂದು ದಿನವೂ ನಳ ತಿರುಗಿಸುವಾಗ ನಮ್ಮ ಮನೆದೇವರು ವೀರಭದ್ರನನ್ನು ನೆನೆಯುತ್ತಿದ್ದೆ.

ಎಲ್ಲಿಯಾದರೂ ಬೆಂಕಿ ಬಿದ್ದರೆ, ಗೋಡೆ ಕುಸಿದರೆ ಕೆಳಗಿನ ಕೋಣೆಗೆ ಫೋನು ಬರುತ್ತಿತ್ತು. ಅಲ್ಲಿದ್ದವನು ಗಂಟೆ ಬಾರಿಸುತ್ತಿದ್ದ. ಆಮೇಲಿನದನ್ನು ಹೇಳಿದರೆ ಈಗಿನವರು ನಂಬುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಬರುವ ಹೊತ್ತಿಗೆ ಗಂಟೆಯಾದರೆ, ನಾನು ಸೆರಗಿನಲ್ಲಿ ಪಾತ್ರೆ ಹಿಡಿದು ಕೆಳಗಿಳಿಸುವಷ್ಟರಲ್ಲಿ ಬಂಬು ಗೇಟು ದಾಟಿರುತ್ತಿತ್ತು. ಡ್ಯೂಟಿಯ ದಿನ ಅವರೆಲ್ಲ ಪಾಳಿಯ ಮೇಲೆ ಮನೆಗೆ ಬಂದು ಊಟ ಮಾಡಿ ಹೋಗಬಹುದಿತ್ತು. ಕಲಸಿದ ತುತ್ತು ತಟ್ಟೆಯಲ್ಲೇ ಉಳಿಯುತ್ತಿತ್ತು, ಕಟ್ಟಿಗೆಯ ಮೆಟ್ಟಿಲು ಧಡಧಡ ಎನ್ನುತ್ತಿತ್ತು, ಅಷ್ಟೇ.

ಮದುವೆಯಾಗಿ ಬಂದ ಹೊಸದರಲ್ಲಿ ಇದು ನನಗೆ ಬಹಳ ಸಂಕಟ ಕೊಟ್ಟಿತ್ತು. ನಮ್ಮ ಕಡೆ ಹೊಲಕ್ಕೆ ಹೋಗುವವರೂ "ಹೋಗಿ ಬರ್ತೀನಿ" ಎನ್ನದೆ ಹೊಸ್ತಿಲು ದಾಟುವುದಿಲ್ಲ. ಇವರಿಗೆ ಅಷ್ಟು ಪುರಸೊತ್ತೂ ಇಲ್ಲ. ಕಡೆಗೆ ನಾನೇ ಒಂದು ದಾರಿ ಮಾಡಿಕೊಂಡೆ. ಅವರ ಬೆನ್ನು ಮೆಟ್ಟಿಲ ತಿರುವಿನಲ್ಲಿ ಮರೆಯಾಗುವುದರೊಳಗೆ ನಾನೇ "ಹೋಗಿ ಬರ್ರಿ" ಎಂದು ಕೂಗಿಬಿಡುತ್ತಿದ್ದೆ. ಇಬ್ಬರ ಮಾತನ್ನೂ ಒಬ್ಬಳೇ ಆಡಿದಂತಾಯಿತು. ದೇವರು ಗಂಟಲು ಗಟ್ಟಿ ಕೊಟ್ಟಿದ್ದಾನೆ, ಸಾಕು.

ಆ ಮಳೆಗಾಲ ನಮಗೆ ದೊಡ್ಡ ಪರೀಕ್ಷೆಯ ಕಾಲ. ಇವರು ಕೆಲಸಕ್ಕೆ ಸೇರಿ ವರ್ಷ ತುಂಬುತ್ತ ಬಂದಿತ್ತು. ಗಣಪತಿ ಹಬ್ಬ ಕಳೆದ ಮೇಲೆ ಪಿಂಟೋ ಸಾಹೇಬರು ವರದಿ ಬರೆಯಬೇಕು. ಬರೆದದ್ದು ಚೆನ್ನಾಗಿದ್ದರೆ ನೌಕರಿ ಪಕ್ಕಾ. ಇಲ್ಲದಿದ್ದರೆ ನೌಕರಿಯೂ ಇಲ್ಲ, ಮೇಲಿನ ಕೋಣೆಯೂ ಇಲ್ಲ, ಬಾಗಿಲ ನಳವೂ ಇಲ್ಲ. ಪಿಂಟೋ ಸಾಹೇಬರು ಬಂಬಖಾನೆಯ ಮುಖ್ಯಸ್ಥರು, ಗೋವೆಯ ಕಡೆಯ ಕಿರಿಸ್ತಾನರು. ಹುರಿಮೀಸೆ, ಸಣ್ಣ ದೇಹ, ಆದರೆ ಅವರ ದನಿಗೆ ಅಂಗಳದ ಕಾಗೆಗಳೆಲ್ಲ ಹಾರುತ್ತಿದ್ದವು. ಗಂಟೆ ಆದಾಗ ಅವರು ಓಡುತ್ತ ಓಡುತ್ತಲೇ ಹಣೆ, ಎದೆ, ಭುಜ ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿಕೊಳ್ಳುವುದನ್ನು ಕಿಟಕಿಯಿಂದ ಕಂಡಿದ್ದೆ. ದೇವರನ್ನು ನೆನೆಯುವ ಮೇಲಧಿಕಾರಿ ಸಿಕ್ಕಿದ್ದಾರೆ ಎಂದು ಅದನ್ನೂ ಒಂದು ಉಪಕಾರವೆಂದೇ ಎಣಿಸಿಕೊಂಡಿದ್ದೆ.

ಮೊದಲ ಮಳೆಯ ಜೊತೆಗೇ ಊರಿನಿಂದ ನಮ್ಮ ಅತ್ತೆ ಬಂದರು.

ನನ್ನ ಅತ್ತೆ ಎತ್ತರದ ಆಳು. ಮಾತು ಒರಟು, ಕೈ ಮೆತ್ತಗೆ. ಬರುವಾಗ ಒಂದು ಚೀಲ ಜೋಳ, ಶೇಂಗಾ ಹಿಂಡಿ, ಒಂದು ಪಂಚಾಂಗ ತಂದಿದ್ದರು. ಬಂದ ದಿನವೇ ಪಂಚಾಂಗ ದೇವರ ಗೂಡಿನ ಮೊಳೆಗೆ ಏರಿತು. ಡ್ಯೂಟಿ ಮುಗಿಸಿ ಇವರು ಮನೆಗೆ ತಂದ ಹಿತ್ತಾಳೆಯ ಟೋಪಿಯನ್ನು ನಾನು ಪೂಜೆಯ ತಂಬಿಗೆಗಳ ಜೊತೆಗೇ ಹುಣಸೆಹಣ್ಣು ಹಚ್ಚಿ ತಿಕ್ಕುವುದನ್ನು ಕಂಡು, "ಟೊಪಿಗಿ ಅಲ್ಲ ಇದು, ನನ್ನ ಮಗನ ತಲೀ ಮ್ಯಾಲಿನ ಕಳಸ" ಎಂದು ತಾವೇ ಇಸಿದುಕೊಂಡು ತಿಕ್ಕಿದರು.

ನಾಲ್ಕಾರು ದಿನ ಚೆನ್ನಾಗಿ ಕಳೆಯಿತು. ಆಮೇಲೊಂದು ಬೆಳಿಗ್ಗೆ ಇವರು ರೊಟ್ಟಿ ತಿನ್ನುತ್ತಿದ್ದರು. ಗಂಟೆ ಬಾರಿಸಿತು. ಇವರು ಎದ್ದರು. ಅದೇ ಹೊತ್ತಿಗೆ ಒಗ್ಗರಣೆಯ ಘಾಟಿಗೆ ಅತ್ತೆಗೆ ಸೀನು ಬಂತು. ಒಂದೇ ಸೀನು.

"ಬಸೂ, ತಡಿ!" ಎಂದು ಅವರು ಮಗನ ಅಂಗಿಯ ತೋಳು ಹಿಡಿದೇಬಿಟ್ಟರು. "ಒಂಟಿ ಶೀನು ಆಗೇತಿ. ಕುಂದ್ರು. ನೀರು ಕುಡದು ಹೋಗು."

"ಅವ್ವಾ, ಗಂಟಿ ಆಗೇತಿ. ಬಿಡು."

"ಗಂಟಿ ಆಗಲಿ, ಗುಡಿ ಆಗಲಿ. ಕುಂದ್ರಂದ್ರ ಕುಂದ್ರು!"

ಹೆತ್ತ ತಾಯಿಯ ಕೈ ಝಾಡಿಸಿ ಓಡುವ ಮಗ ಅವರಲ್ಲ. ಕುಳಿತರು. ನಾನು ತಂಬಿಗೆಯ ನೀರು ಕೊಟ್ಟೆ. ಗಟಗಟ ಕುಡಿದು ಇಳಿದರು. ಕೆಳಗೆ ಬಂಬು ಗುರ್ ಎನ್ನುತ್ತ ನಿಂತೇ ಇತ್ತು, ಎಲ್ಲರೂ ಹತ್ತಿ ಕುಳಿತಿದ್ದರು, ಇವರೊಬ್ಬರ ಜಾಗ ಖಾಲಿ. ಪಿಂಟೋ ಸಾಹೇಬರ ದನಿ ಮೇಲಿನ ಎಲ್ಲ ಮನೆಗಳಿಗೂ ಕೇಳಿಸಿತು.

"ಬಸವರಾಜ್! ಅಪನ್ ಕೋ ಪಾನಿ ಪೀನೇ ಕಾ ನಹೀಂ, ಪಾನಿ ಮಾರ್ನೇ ಕಾ ಹೈ!"

ಕುಡಿಯುವುದಲ್ಲಪ್ಪಾ, ಹೊಡೆಯಬೇಕಾದದ್ದು ನೀರು ಅಂದರು. ಬಂಬಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಂದು ಸುಟ್ಟದ್ದು ಬರೀ ಹುಲ್ಲಿನ ಗಾಡಿ, ದೊಡ್ಡದೇನೂ ಆಗಲಿಲ್ಲ. ಅದು ವೀರಭದ್ರನ ದಯೆ.

ಆದರೆ ಎರಡನೆಯ ಸಲವೂ ಹಾಗೇ ಆಯಿತು. ಈ ಸಲ ಸೀನಲ್ಲ, ದೇವರ ಗೂಡಿನ ಮೇಲೆ ಹಲ್ಲಿ ಲೊಚಗುಟ್ಟಿತು. ಮತ್ತೆ ಕುಂದ್ರು, ಮತ್ತೆ ನೀರು. ಈ ಸಲ ಸಾಹೇಬರು ಕೂಗಲಿಲ್ಲ. ತಿರುಗಿ ಬಂದ ಮೇಲೆ ಇವರನ್ನು ಕರೆದು ಮೆತ್ತಗೆ ಮಾತಾಡಿದರು. ಇನ್ನೊಂದು ಸಲ ಹೀಗಾದರೆ ವರದಿಯಲ್ಲಿ ಬರೆಯಲೇಬೇಕಾಗುತ್ತದೆ, ನನ್ನ ಕೈಯಲ್ಲಿಲ್ಲ ಎಂದರಂತೆ. ಕೂಗದ ಸಾಹೇಬರಿಗೆ ಇವರು ಹೆಚ್ಚು ಹೆದರಿದ್ದರು. ಬಂದವರು ಬೂದಿಬಣ್ಣದ ಮುಖ ಮಾಡಿಕೊಂಡು ಕುಳಿತರು.

"ಅವ್ವಾ, ನಿನ್ನ ಕಾಲು ಬೀಳ್ತೀನಿ. ಇನ್ನೊಮ್ಮಿ ಹಿಡಿಬ್ಯಾಡ. ಅಲ್ಲಿ ಮನಿ ಸುಡತಿರ್ತಾವ" ಎಂದರು.

ಅತ್ತೆ ಜೋಳದ ಹಿಟ್ಟು ನಾದುತ್ತಲೇ ಇದ್ದರು. ಆಮೇಲೆ, ಇವರು ಕೆಳಗಿಳಿದು ಹೋದ ಮೇಲೆ, ನನ್ನ ಕಡೆ ನೋಡದೆ ಹೇಳಿದರು.

"ಶಾಂತಾ, ಬಸೂನ ಅಪ್ಪ ಹೋದ ದಿನ ಶೀನಿದಾಕಿ ನಾನ. ಸಂತಿಗೆ ಹೊಂಟಿದ್ರು. ಹೊಸ್ತಿಲ ಮ್ಯಾಲೆ ಕಾಲಿಟ್ಟಾಗ ಶೀನಿದೆ. ತಡೀರಿ, ಕುಂದರ್ರಿ ಅಂದೆ. ನಕ್ಕು ಹೋದ್ರು. ಹಳ್ಳ ಬಂದು ಗಾಡೀನೂ ಇಲ್ಲ, ಅವರೂ ಇಲ್ಲ. ಬಸೂ ಆಗ ತೊಟ್ಟಿಲದಾಗ ಇದ್ದ."

ಮಾವನವರು ಹಳ್ಳಕ್ಕೆ ಸಿಕ್ಕು ಹೋದದ್ದು ನನಗೆ ಗೊತ್ತಿತ್ತು. ಸೀನಿನ ಸಂಗತಿ ಗೊತ್ತಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಒಂದು ಸೀನನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ ಹೆಂಗಸಿಗೆ ನಾನು ಏನು ಬುದ್ಧಿ ಹೇಳಲಿ? ಒಂದು ಕಡೆ ಅವರ ಭಯ, ಇನ್ನೊಂದು ಕಡೆ ಇವರ ನೌಕರಿ. ದೇವರ ಮುಂದೆ ದೀಪ ಹಚ್ಚಿ, "ಯಪ್ಪಾ, ಇಬ್ಬರೂ ನಿನ್ನವರೇ. ದಾರಿ ನೀನೇ ತೋರಿಸು" ಎಂದು ಕೈಮುಗಿದೆ.

ದೇವರು ತಕ್ಷಣ ತೋರಿಸಲಿಲ್ಲ. ಪಕ್ಕದ ಮನೆಯ ಸುಮನ್‌ತಾಯಿ ತೋರಿಸಲು ಬಂದಳು. ಅವಳು ಬಂಬಿನ ಡ್ರೈವರನ ಹೆಂಡತಿ, ಸಾತಾರಾ ಕಡೆಯ ಮರಾಠಿಯವಳು, ನನಗೆ ಮುಂಬಯಿಯಲ್ಲಿ ಸಿಕ್ಕ ಅಕ್ಕ. ಒಂಟಿ ಸೀನು ಕೆಟ್ಟದ್ದಾದರೆ ಜೋಡಿ ಸೀನು ಒಳ್ಳೆಯದಲ್ಲವೇ ಎಂಬುದು ಅವಳ ತರ್ಕ.

"ಅಗಂ, ಮಿರೀ ಠೇವ್ ಜವಳ್!" ಮೆಣಸಿನ ಪುಡಿ ಹತ್ತಿರವೇ ಇಟ್ಟುಕೋ, ಅತ್ತೆ ಒಂದು ಸೀನಿದ ಕೂಡಲೇ ಮೂಗಿಗೆ ಹಿಡಿ, ಎರಡನೆಯದು ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂದಳು.

ಕರಿಮೆಣಸು ಕುಟ್ಟಿ ಒಂದು ಡಬ್ಬಿಯಲ್ಲಿ ಇಟ್ಟೆ. ಮುಂದೊಂದು ದಿನ ಗಂಟೆಯೇನೂ ಆಗದೆ ಅತ್ತೆ ಸುಮ್ಮನೆ ಒಂದು ಸೀನಿದರು. ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಎಂದು ಡಬ್ಬಿ ಹಿಡಿದೆ. ಬಂತು ನೋಡಿ, ಎರಡು, ಮೂರು, ನಿಲ್ಲಲೇ ಇಲ್ಲ! ನನಗೂ ಹತ್ತಿತು, ಬಾಗಿಲಲ್ಲಿ ನಿಂತಿದ್ದ ಸುಮನ್‌ತಾಯಿಗೂ ಹತ್ತಿತು. ಮೂವರೂ ಕಣ್ಣುಮೂಗು ಒರೆಸಿಕೊಳ್ಳುತ್ತ ನೆಲದ ಮೇಲೆ ಕುಳಿತುಬಿಟ್ಟೆವು.

"ಬೆಸಾ ಆತೋ, ಸರಿ ಆತೋ? ಯಾರರ ಎಣಿಸೀರೇನು?" ಎಂದು ಅತ್ತೆ ಕೇಳಿದರು. ಎಣಿಸುವ ಸ್ಥಿತಿಯಲ್ಲಿ ಯಾರಿದ್ದರು? ಅತ್ತೆ ಬಂದ ಮೇಲೆ ಮನಸಾರೆ ನಕ್ಕದ್ದು ಅದೇ ಮೊದಲು. ಆದರೆ ನಕ್ಕು ಸುಧಾರಿಸಿಕೊಂಡ ಮೇಲೆ ಅವರು ಹೇಳಿದ ಮಾತಿಗೆ ನನ್ನ ನಗೆ ಇಳಿದುಹೋಯಿತು.

"ಶಾಂತಾ, ನಾ ಊರಿಗೆ ಹೋಗ್ತೀನಿ. ನಾ ಇಲ್ಲಿದ್ರ ನನ್ನ ಕೈ ಸುಮ್ಮಕಿರೂದಿಲ್ಲ, ಅವನ್ನ ಹಿಡೀತೈತಿ. ನನ್ನ ಮೂಗಿನ ಸಲುವಾಗಿ ಅವನ ನೌಕರಿ ಹೋಗಬಾರದು."

ಇರಿ ಎಂದು ನಾನು ಹೇಳಿದೆ, ಇವರು ಹೇಳಿದರು. ಅವರು ಕೇಳಲಿಲ್ಲ. ಪಂಚಾಂಗ ಇಳಿಯಿತು. ಹೊರಡಲು ಒಳ್ಳೆಯ ಘಳಿಗೆ ಗುರುವಾರ ಬೆಳಿಗ್ಗೆಯೇ ಇತ್ತು. ಆದರೆ ಊರ ಕಡೆಯವರು ಜೊತೆಗೆ ಸಿಗುವುದು ರವಿವಾರದ ಗಾಡಿಗೆ. ಅದಕ್ಕೇನಂತೆ, ನಮ್ಮಲ್ಲಿ ಹಿಂದಿನಿಂದ ಬಂದ ಉಪಾಯವಿದೆ. ಪ್ರಸ್ಥಾನ ಇಡುವುದು. ಒಳ್ಳೆಯ ಘಳಿಗೆಯಲ್ಲಿ ಹೊರಡಲಾಗದಿದ್ದರೆ ಆ ಘಳಿಗೆಗೆ ಸರಿಯಾಗಿ ನಿಮ್ಮ ಬಟ್ಟೆಯ ಗಂಟೊಂದನ್ನು ಹೊಸ್ತಿಲಾಚೆ, ನೆರೆಯವರ ಮನೆಯಲ್ಲಿ ಇಟ್ಟು ಬರಬೇಕು. ಗಂಟು ಹೋಯಿತೆಂದರೆ ನೀವೇ ಹೋದಂತೆ. ಪಯಣ ಅಲ್ಲಿಗೆ ಶುರುವಾಯಿತು. ಆಮೇಲೆ ಯಾವಾಗ ಹೊರಟರೂ ರಾಹುಕಾಲವಿಲ್ಲ, ಅಪಶಕುನವಿಲ್ಲ.

ಗುರುವಾರ ಬೆಳಿಗ್ಗೆ ಅತ್ತೆ ಒಂದು ಸೀರೆಯಲ್ಲಿ ಅಕ್ಕಿ, ಅಡಿಕೆ, ಅರಿಸಿನದ ಕೊಂಬು ಇಟ್ಟು ಗಂಟು ಕಟ್ಟಿದರು. ಸುಮನ್‌ತಾಯಿಯ ಮನೆಗೆ ಹೋಗಿ ಗೋಡೆಯ ಗೂಟಕ್ಕೆ ತೂಗುಹಾಕಿದರು. ಮರಾಠಿಯವರಲ್ಲೂ ಈ ಪದ್ಧತಿ ಇದೆ, ಅವಳಿಗೆ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಮಾವಶೀ, ಪ್ರಸ್ಥಾನ್ ಠೇವಲಂ?" ಎಂದಳು.

"ಇಟ್ಟೆನವ್ವಾ. ಇದನ್ನ ಯಾರೂ ಮುಟ್ಟಬ್ಯಾಡ್ರಿ. ನಾ ಈಗ ಇಲ್ಲಿಲ್ಲ, ಹಾದ್ಯಾಗದೀನಿ" ಎಂದರು ಅತ್ತೆ. ಹಾದಿಯಲ್ಲಿರುವವರು ಮರಳಿ ಬಂದು ನನ್ನ ಜೊತೆ ಬೆಳ್ಳುಳ್ಳಿ ಸುಲಿಯಲು ಕುಳಿತರು.

ಇವರು ಅಂದು ಬೆಳಗಿನ ಅವಸರದಲ್ಲಿ ಏನೂ ತಿನ್ನದೆ ಇಳಿದಿದ್ದರು. ಮಳೆಗೆ ಅವತ್ತು ಕೆಳಗೆ ಪೈಪು ಒಪ್ಪಮಾಡುವ ಕೆಲಸ ಹೆಚ್ಚು, ಮೇಲೆ ಬರಲಾಗದು ಎಂದು ಹೇಳಿ ಕಳಿಸಿದರು. ಊಟದ ಡಬ್ಬಿ ಹಿಡಿದು ನಾನೇ ಇಳಿದೆ. ಬಂಬು ನಿಲ್ಲುವ ಕಡೆ ನಾವು ಹೆಂಗಸರು ಸಾಮಾನ್ಯವಾಗಿ ಹೋಗುತ್ತಿರಲಿಲ್ಲ. ಅಂದು ಮಳೆಯ ಇರಿಚಲು ತಪ್ಪಿಸಿಕೊಳ್ಳಲು ಒಳಗೇ ಹೋಗಿ ನಿಂತೆ.

ಗೋಡೆಯುದ್ದಕ್ಕೂ ಗೂಟಗಳು. ಒಂದೊಂದು ಗೂಟಕ್ಕೆ ಒಬ್ಬೊಬ್ಬರ ದಪ್ಪ ಕೋಟು, ಗುಂಡಿ ಬಿಚ್ಚಿಯೇ ಇದೆ. ಕೋಟಿನ ಮೇಲೆ ಕೊಡಲಿಯ ಪಟ್ಟಿ, ಅದೂ ಬಿಚ್ಚಿಯೇ ಇದೆ. ಮೇಲೆ ಟೋಪಿ. ಕೆಳಗೆ ಜೋಡಿ ಜೋಡಿ ಬೂಟು, ಎಲ್ಲದರ ಮೂತಿಯೂ ಬಂಬಿನ ಕಡೆಗೆ, ಗೇಟಿನ ಕಡೆಗೆ. ಕಾಲು ತುರುಕಿ ಓಡುವುದಷ್ಟೇ ಬಾಕಿ. ಓಹೋ, ಇವರೆಲ್ಲ ಅಷ್ಟು ಬೇಗ ಹೊರಡುವುದು ಇದಕ್ಕೇ ಅನ್ನಿಸಿತು. ಹೊರಡುವ ಕೆಲಸವನ್ನೆಲ್ಲ ಇವರು ಮೊದಲೇ ಮುಗಿಸಿ ಇಟ್ಟಿರುತ್ತಾರೆ.

ಮೊದಲೇ ಮುಗಿಸಿ ಇಟ್ಟಿರುತ್ತಾರೆ! ಡಬ್ಬಿ ಕೈಯಲ್ಲೇ ಉಳಿಯಿತು. ಸುಮನ್‌ತಾಯಿಯ ಗೂಟದಲ್ಲಿ ತೂಗುತ್ತಿದ್ದ ಗಂಟು ಕಣ್ಣಮುಂದೆ ಬಂತು. ಮೆಟ್ಟಿಲು ಹತ್ತಿದೆನೋ ಹಾರಿದೆನೋ, ಅತ್ತೆಯ ಮುಂದೆ ನಿಂತಾಗ ನನಗೆ ಉಸಿರಿರಲಿಲ್ಲ.

"ಅತ್ತೀ, ಇವರು ದಿನಾ ಪ್ರಸ್ಥಾನಾ ಇಡ್ತಾರ್ರೀ!"

"ಯಾರು?"

"ನಿಮ್ಮ ಮಗ! ಎಲ್ಲಾರೂ! ಬರ್ರಿ ಕೆಳಗ, ನೋಡ್ರಿ."

ಅತ್ತೆ ಸೆರಗು ಹೊದ್ದು, ಅನುಮಾನದ ಮುಖ ಹೊತ್ತು ಇಳಿದರು. ಸುಮನ್‌ತಾಯಿಯೂ ಹಿಂದೆ ಬಂದಳು. ನಾವು ಮೂವರೂ ಬೂಟುಗಳ ಮುಂದೆ ನಿಂತದ್ದನ್ನು ಕಂಡು ಪಿಂಟೋ ಸಾಹೇಬರು ತಾವೇ ಬಂದರು. ಮಗನಿಗೆ ನೀರು ಕುಡಿಸಿ ಕಳಿಸುವ ತಾಯಿ ಇವರೇ ಎಂದು ಅವರಿಗೆ ಗೊತ್ತಿತ್ತು. ಇವರು ಪೈಪು ಹಿಡಿದುಕೊಂಡೇ ದೂರದಲ್ಲಿ ಕಂಬದ ಹಾಗೆ ನಿಂತರು, ಇದೇನು ಗ್ರಹಚಾರ ಎಂಬ ಮುಖದಲ್ಲಿ.

ಅತ್ತೆ ಹೆದರುವ ಪೈಕಿ ಅಲ್ಲ. "ಸಾಹೇಬರ, ಈ ಬೂಟು ಯಾವಾಗ ಇಡ್ತಾರ?" ಎಂದು ಸೀದಾ ಕೇಳಿದರು. ನಾನು ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದೆ.

"ಸುಬಹ್. ಡ್ಯೂಟಿ ಚಾಲೂ ಹೋನೇ ಕೇ ಪಹಿಲೇ" ಎಂದರು ಸಾಹೇಬರು.

"ಮುಂಜಾನೆ, ಕೆಲಸ ಶುರು ಆಗೂಕಿಂತ ಮೊದಲ ಅಂತ್ರಿ."

"ತಾವ ಇಡ್ತಾರೋ, ಆಳು ಇಡ್ತಾವೋ?"

ಪ್ರತಿಯೊಬ್ಬರೂ ತಮ್ಮದನ್ನು ತಾವೇ ಇಡಬೇಕು ಎಂದರು ಸಾಹೇಬರು. ಅತ್ತೆ ತಲೆದೂಗಿದರು. ಅದೂ ಶಾಸ್ತ್ರಕ್ಕೆ ಸರಿ.

"ಇಟ್ಟ ಮ್ಯಾಲ ಒಳಗ ಒಯ್ತಾರೇನು?"

ಸಾಹೇಬರು ಗಾಬರಿಯಾದರು. "ಅರೇ ನಹೀಂ ಮಾಜೀ! ಕೋಯೀ ಹಾಥ್ ಭೀ ನಹೀಂ ಲಗಾಯೇಗಾ!" ಯಾರೂ ಕೈ ಸಹ ಹಚ್ಚುವುದಿಲ್ಲ.

ಅತ್ತೆ ಬೂಟುಗಳ ಸಾಲನ್ನು ಇನ್ನೊಮ್ಮೆ ನೋಡಿದರು. ಮಗನ ಬೂಟು ಯಾವುದೆಂದು ಕೇಳಿ, ಅದರ ಮೂತಿ ಎತ್ತ ಇದೆ ಎಂದು ಬಗ್ಗಿ ಪರೀಕ್ಷಿಸಿದರು. ಹೊಸ್ತಿಲಾಚೆ ಇದೆ, ಹೋಗುವ ದಿಕ್ಕಿಗೆ ಇದೆ, ತಾನೇ ಇಟ್ಟಿದ್ದಾನೆ, ಯಾರೂ ಮುಟ್ಟುವುದಿಲ್ಲ. ಏನೊಂದೂ ತಪ್ಪಿಲ್ಲ.

"ಶಾಂತಾ" ಎಂದರು, "ಇವ್ರು ಮುಂಜಾನೇನ ಹೋಗಿರ್ತಾರವಾ. ಗಂಟಿ ಆದ ಮ್ಯಾಲ ಹೋಗೂದು ಬರೇ ಹೆಸರಿಗೆ." ಆಮೇಲೆ ಸಾಹೇಬರ ಕಡೆ ಕೈಮಾಡಿ, "ಬೂಟಿನ ಜೋಡಿ ಒಂದು ಅರಿಸಿನಕೊಂಬು ಇಟ್ಟರ ನಡೀತೈತೇನು ಕೇಳು" ಎಂದರು.

ಸಾಹೇಬರಿಗೆ ನಾನೂ ಸುಮನ್‌ತಾಯಿಯೂ ಸೇರಿ ಹಿಂದಿ, ಮರಾಠಿ, ಕೈಸನ್ನೆ ಎಲ್ಲ ಬೆರೆಸಿ ಪ್ರಸ್ಥಾನ ಅಂದರೇನೆಂದು ತಿಳಿಸಿ ಹೇಳಿದೆವು. ಮೊದಲು ಮೀಸೆ ಅಲುಗಿತು, ಆಮೇಲೆ ಭುಜ, ಆಮೇಲೆ ಹೊಟ್ಟೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಬೂಟಿನ ಒಳಗೆ ಬೇಡ, ಕಾಲಿಗೆ ಚುಚ್ಚುತ್ತದೆ, ಗೂಟಕ್ಕೆ ಕಟ್ಟಿ ಎಂದರು. ಕುತ್ತಿಗೆಯ ಶಿಲುಬೆಯನ್ನು ಅಂಗಿಯಿಂದ ಹೊರತೆಗೆದು ತೋರಿಸಿ, ತಾನೂ ಬೆಳಿಗ್ಗೆಯೇ ಇದನ್ನು ಮುಟ್ಟಿ ಹೇಳುವುದೆಲ್ಲ ಹೇಳಿ ಮುಗಿಸುತ್ತೇನೆ ಎಂದೂ ಹೇಳಿದರು. ಅತ್ತೆಗೆ ಅದು ಮಾತಿಲ್ಲದೆಯೇ ತಿಳಿಯಿತು.

ಹಾಗಾದರೆ ಊರಿಗೆ ಹೋಗುವ ಕಾರಣವೇ ಇಲ್ಲವಲ್ಲ? ಇತ್ತು. ಅತ್ತೆಯ ಗಂಟು ಆಗಲೇ ಹೋಗಿತ್ತು. ಇಟ್ಟ ಪ್ರಸ್ಥಾನ ಸುಮ್ಮನೆ ತಿರುಗಿ ತರುವಂತಿಲ್ಲ. ಅದಕ್ಕೂ ಸುಮನ್‌ತಾಯಿಯೇ ಉಪಾಯ ಹೂಡಿದಳು. ರವಿವಾರ ಅವಳು ತಾನೇ ಗಂಟನ್ನು ತಲೆಯ ಮೇಲೆ ಹೊತ್ತು ನಮ್ಮ ಬಾಗಿಲಿಗೆ ಬಂದು, "ಮಾವಶೀ ಧಾರವಾಡಹೂನ್ ಆಲ್ಯಾ!" ಎಂದು ಸಾರಿದಳು. ಧಾರವಾಡಕ್ಕೆ ಹೋದ ಅತ್ತೆ ಮರಳಿ ಬಂದಿದ್ದಾರೆ! ನಾನು ಗಂಟಿಗೆ ನೀರು ನಿವಾಳಿಸಿ ಒಳಗೆ ಕರೆದುಕೊಂಡೆ. "ಊರಾಗ ಎಲ್ಲಾರೂ ಆರಾಮ ಅದಾರೇನ್ರಿ?" ಎಂದು ಇವರು ತಮ್ಮ ತಾಯಿಯನ್ನು ಕೇಳಿದರು. "ಮಳಿ ಭಾಳ ಐತಪಾ" ಎಂದರು ಅತ್ತೆ, ನಗದೆ.

ಅಲ್ಲಿಂದ ಮುಂದೆ ಮಗನಿಗಿಂತ ತಾಯಿಗೇ ಬೂಟಿನ ಚಿಂತೆ ಹೆಚ್ಚಾಯಿತು. ಸೋಮವಾರ ಮುಂಜಾನೆ ರಾಹುಕಾಲ ಹಾಜರಿಯ ಹೊತ್ತಿಗೇ ಬರುತ್ತದೆ. ಅದಕ್ಕಿಂತ ಮೊದಲೇ ಬೂಟು ಇಟ್ಟು ಬಾ ಎಂದು ಎಬ್ಬಿಸಿ ಕಳಿಸುತ್ತಿದ್ದರು. ಸೋಮವಾರಗಳಂದು ಬಂಬಖಾನೆಯಲ್ಲಿ ಎಲ್ಲರಿಗಿಂತ ಮೊದಲು ತಯಾರಾಗುವವರು ಇವರೇ ಎಂಬುದು ಸಾಹೇಬರ ಕಣ್ಣಿಗೆ ಬೀಳದಿರಲಿಲ್ಲ. ಕಾರಣ ಏನೆಂದು ಅವರು ಕೇಳಲಿಲ್ಲ, ಅದು ಅವರ ದೊಡ್ಡತನ.

ಆದರೂ ನನಗೊಂದು ಅಳುಕು ಇದ್ದೇ ಇತ್ತು. ಗಂಟೆಗಳೇನೋ ಆದವು, ಇವರು ಹೋಗಿ ಬಂದರು. ಆದರೆ ಆ ಯಾವ ಹೊತ್ತಿನಲ್ಲೂ ಸೀನು ಬಂದಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಬಂತು. ಮೂರು ದಿನದಿಂದ ಬಿಡದ ಮಳೆ. ಇವರು ಊಟಕ್ಕೆ ಕುಳಿತಿದ್ದರು, ನಾನು ಸಾರು ಬಡಿಸುತ್ತಿದ್ದೆ. ಅತ್ತೆಗೆ ನೆಗಡಿ. ಗಂಟೆ ಬಾರಿಸಿತು. ಇವರು ತಟ್ಟೆ ಸರಿಸಿ ಎದ್ದರು. ಒಂದು ಕಾಲು ಹೊಸ್ತಿಲಾಚೆ ಇಟ್ಟರು. ಆಗ ಅತ್ತೆ ಸೀನಿದರು. ಒಂದೇ ಒಂದು ಸೀನು, ಕೋಣೆ ಅದುರುವಂಥದ್ದು.

ಇವರ ಕಾಲು ಅಲ್ಲೇ ನಿಂತಿತು. ರೂಢಿ ಅದು, ತಾನಾಗಿ ನಿಂತಿತು. ನನ್ನ ಕೈಯ ಸೌಟೂ ನಿಂತಿತು. ಅತ್ತೆಯ ಕೈ ಮುಂದೆ ಬಂದದ್ದನ್ನು ನಾನು ಕಂಡೆ. ಆ ಕೈ ತೋಳು ಹಿಡಿಯಲಿಲ್ಲ. ಬೆನ್ನಿಗೆ 'ಧಪ್' ಎಂದು ಒಂದು ಗುದ್ದು ಹಾಕಿತು.

"ಓಡೋ ಬಸೂ! ನಿಂತು ಏನ್ ನೋಡ್ತೀ? ನೀ ಮುಂಜಾನೇನ ಹೋಗೀದಿ!"

ಇವರು ಓಡಿದರು. "ಹೋಗಿ ಬರ್ರಿ" ಎಂದು ನಾನು ಕೂಗುವಷ್ಟರಲ್ಲಿ ಕೆಳಗೆ ಬಂಬಿನ ಗಂಟೆ ಢಣಢಣ ಎನ್ನುತ್ತ ಗೇಟು ದಾಟುತ್ತಿತ್ತು. ಕಿಟಕಿಗೆ ಬಂದು ನೋಡಿದರೆ ಮಳೆಯೊಳಗೆ ಹಿತ್ತಾಳೆಯ ಟೋಪಿಗಳಷ್ಟೇ ಕಂಡವು.

ಕುರ್ಲಾದ ಹಳೆಯ ಚಾಳೊಂದರ ಗೋಡೆ ಮಳೆಗೆ ಕುಸಿದಿದೆ, ಒಳಗೆ ಜನ ಇದ್ದಾರೆ ಎಂದು ಸುಮನ್‌ತಾಯಿ ಕೇಳಿಕೊಂಡು ಬಂದು ಹೇಳಿದಳು. ಬೆಂಕಿಯಾದರೆ ವೀರಭದ್ರ ನೋಡಿಕೊಳ್ಳುತ್ತಾನೆ ಎಂಬ ಧೈರ್ಯ ನನಗಿತ್ತು. ನೀರಿಗೆ ಕುಸಿದ ಗೋಡೆ ಎಂದೊಡನೆ ಅತ್ತೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರು ದೇವರ ಮುಂದೆ ಹೋಗಿ ಕುಳಿತರು. ನಾನೂ ಕುಳಿತೆ. ಸಾರು ಆರಿತು. ಊಟದ ನೆನಪು ಇಬ್ಬರಿಗೂ ಇರಲಿಲ್ಲ.

ಒಂದು ಸಲ ಮಾತ್ರ ಅವರು ಕೇಳಿದರು. "ಮುಂಜಾನೆ ಬೂಟು ಸರಿಯಾಗಿ ಇಟ್ಟಿದ್ನಲಾ?"

"ಇಟ್ಟಿದ್ರರೀ ಅತ್ತೀ. ನಾ ಕೆಳಗ ಇಳದು ನೋಡೀನಿ."

ಸಂಜೆ ದೀಪ ಹಚ್ಚುವ ಮೊದಲು ಬಂಬು ಬಂತು. ಇಳಿದವರೆಲ್ಲ ಒಂದೇ ಬಣ್ಣ, ಮಣ್ಣಿನ ಬಣ್ಣ. ಯಾರು ಯಾರೆಂದು ಗುರುತು ಹತ್ತಲಿಲ್ಲ. ಅವರಲ್ಲಿ ಒಬ್ಬರು ಮೇಲೆ ನೋಡಿ ಹಲ್ಲು ಬಿಟ್ಟರು. ಆ ಬಿಳಿ ಹಲ್ಲು ಕಂಡು ನಾನು ವೀರಭದ್ರನಿಗೆ ಐದು ಕಾಯಿ ಹರಸಿಕೊಂಡೆ.

ಪಿಂಟೋ ಸಾಹೇಬರು ಅದೇ ಕೆಸರು ಬೂಟಿನಲ್ಲಿ ನಮ್ಮ ಮೆಟ್ಟಿಲ ಬುಡಕ್ಕೆ ಬಂದರು. ಅತ್ತೆಯನ್ನು ಕರೆಸಿದರು. ಅರ್ಧ ಬಿದ್ದ ಕೋಣೆಯೊಳಗೆ ಒಬ್ಬ ಬಾಣಂತಿ, ಕೂಸು ಸಿಕ್ಕಿಕೊಂಡಿದ್ದರಂತೆ. ನಿಮ್ಮ ಮಗ ಮೊದಲು ಒಳಗೆ ಹೋದವನು, ಕೂಸನ್ನು ಕೋಟಿನೊಳಗೆ ಇಟ್ಟುಕೊಂಡು ಬಂದ, ತಾಯಿಯನ್ನೂ ಎಳೆದೆವು. ಅವರು ಈಚೆ ಬಂದ ಮೇಲೆ ಉಳಿದ ಗೋಡೆಯೂ ಬಿತ್ತು. ನಾವು ಹೋಗುವುದು ಸ್ವಲ್ಪ ತಡವಾಗಿದ್ದರೆ... ಎಂದವರು ಶಿಲುಬೆ ಮುಟ್ಟಿಕೊಂಡರು. ಆಮೇಲೆ ಮೀಸೆಯ ನೀರು ಒರೆಸಿಕೊಂಡು, "ಗಣಪತಿ ಕೇ ಬಾದ್ ಬಸವರಾಜ್ ಪಕ್ಕಾ. ಮಾಜೀ, ಆಪ್ ಭೀ ಪಕ್ಕಾ!" ಎಂದರು.

"ನಾನೂ ಪಕ್ಕಾ ಅಂತೇನು? ಪಗಾರ ಎಷ್ಟು ಕೇಳು" ಎಂದರು ಅತ್ತೆ. ಕೆಳಗಿದ್ದವರೆಲ್ಲ ನಕ್ಕರು.

ಇವರು ನಳದ ಕೆಳಗೆ ಮೈ ತೊಳೆದುಕೊಳ್ಳಲು ಹೋದರು. ನಾನು ಒಲೆ ಊದುತ್ತಿದ್ದೆ. ಅತ್ತೆ ಗೋಡೆಗೆ ಒರಗಿ ಕುಳಿತವರು ತಮ್ಮಷ್ಟಕ್ಕೆ ತಾವೇ ಎಂಬಂತೆ ಮಾತಾಡಿದರು.

"ಶಾಂತಾ, ಒಂದು ಮಾತು. ಆವತ್ತು ಸಂತಿಗೆ ಹೋಗೂ ದಿನ ನಾ ಬೆಳ್ಳಬೆಳಕಿಗೆ ಎದ್ದು ರೊಟ್ಟಿ ಬಡದಿದ್ದೆ. ಬುತ್ತಿಗಂಟು, ಅವರ ಕಂಬಳಿ ಎಲ್ಲಾ ಮೊದಲ ಒಯ್ದು ಗಾಡ್ಯಾಗ ಇಟ್ಟಿದ್ರು. ಗಾಡಿ ಹೊರಗ ನಿಂತಿತ್ತು. ಅವರ ಕೈಲೆ ಅವರ ಇಟ್ಟಿದ್ರು. ನಾ ಶೀನಿದ್ದು ಆಮ್ಯಾಲ."

ನಾನು ಊದುಗೊಳವೆ ಕೆಳಗಿಟ್ಟೆ.

"ಹಂಗಾರ ನಾ ಶೀನೂದಕ್ಕಿಂತ ಮೊದಲ ಅವರು ಹೋಗಿದ್ರಲಾ?"

"ಹೋಗಿದ್ರರೀ ಅತ್ತೀ. ಮಳಿಗೆ ಹಳ್ಳ ಬರತೈತ್ರಿ. ನಿಮ್ಮ ಶೀನಿಗೆ ಬರೂದಿಲ್ಲ."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮೂಗೂ ಒರೆಸಿಕೊಂಡರು. ಹೊರಗೆ ನಳದ ಕೆಳಗಿಂದ ಇವರು ಸೋಪು ಎಲ್ಲಿ ಎಂದು ಕೂಗುತ್ತಿದ್ದರು.

"ಕೇಳಸಾಕತ್ತೈತೇನು, ಸಾಬಣ ಕೇಳ್ತಾನ. ಕೊಟ್ಟು ಬಾ" ಎಂದರು ಅತ್ತೆ. "ಬಂದು ಮೂರು ತಾಟು ಹಚ್ಚು. ಮಧ್ಯಾಹ್ನದಿಂದ ಏನೂ ತಿಂದಿಲ್ಲ, ನನಗ ಭಾಳ ಹಸಿವಿ ಆಗೇತಿ."